ಸೊವಾವೆ ವೈನ್ ಜೊತೆ ಊಟ: ವೆರೋನಾದ ನನ್ನ ಅಡುಗೆಮನೆಯಿಂದ

ಇಟಲಿಯ ವೆರೋನಾಕ್ಕೆ ಬಂದ ಮೊದಲ ವರ್ಷ ಇಲ್ಲಿನ ಬಿಳಿ ವೈನ್ ಸೊವಾವೆ ನನಗೆ ಹಿಡಿಸಿರಲಿಲ್ಲ. ಫ್ರಿಜ್‌ನಿಂದ ತೆಗೆದು ನೇರವಾಗಿ ಗ್ಲಾಸಿಗೆ ಸುರಿದುಕೊಳ್ಳುತ್ತಿದ್ದೆ. ತಣ್ಣಗೆ, ಸ್ವಲ್ಪ ಹುಳಿ, ಅಷ್ಟೇ. ಒಂದು ಸಂಜೆ ಹಾಗೆ ಸುರಿದು ಇಟ್ಟಾಗಲೇ ಅಮ್ಮನ ಫೋನ್ ಬಂತು. ಮಾತು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ಆಮೇಲೆ ಗ್ಲಾಸನ್ನು ಮೂಗಿನ ಹತ್ತಿರ ತಂದರೆ, ಅದೇ ಬಾಟಲಿಯದು ಅಂತ ನಂಬಲಾಗಲಿಲ್ಲ. ಬಿಳಿ ಹೂವಿನ ಘಮ, ಮಾಗಿದ ಪೇರ್ ಹಣ್ಣಿನ ವಾಸನೆ. ಕುಡಿದ ಮೇಲೆ ಕೊನೆಯಲ್ಲಿ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ.

ಆ ಕಹಿಯ ಹಿಂದೆ ಬಿದ್ದೇ ನಾನು ಸೊವಾವೆ ಊರಿಗೆ ಹೋದದ್ದು. ವೆರೋನಾದಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್. ಊರ ಮೇಲೆ ಹಳೆಯ ಕೋಟೆ, ಕೋಟೆಯ ಗೋಡೆಗೆ ಅಂಟಿಕೊಂಡೇ ದ್ರಾಕ್ಷಿ ತೋಟಗಳು. ನಾನು ಚಿಕ್ಕಬಳ್ಳಾಪುರದ ಕಡೆಯವನು. ಅಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದನ್ನು ನೋಡಿ ಬೆಳೆದವನು. ಇಲ್ಲಿಯೂ ಎಷ್ಟೋ ತೋಟಗಳಲ್ಲಿ ಚಪ್ಪರವೇ. ಪೆರ್ಗೊಲಾ ಅನ್ನುತ್ತಾರೆ. ಕೆಲವು ಗುಡ್ಡಗಳಲ್ಲಿ ಕಾಲಡಿಯ ಮಣ್ಣು ಕಪ್ಪು, ಹಳೆಯ ಜ್ವಾಲಾಮುಖಿಯ ಕಲ್ಲು ಪುಡಿಯಾಗಿ ಆದದ್ದು. ಇನ್ನು ಕೆಲವು ಕಡೆ ಸುಣ್ಣಕಲ್ಲಿನ ಬಿಳಿ ನೆಲ.

ಸೊವಾವೆಯಲ್ಲಿ ಕನಿಷ್ಠ ಶೇಕಡಾ 70 ರಷ್ಟು ಗಾರ್ಗಾನೆಗಾ ದ್ರಾಕ್ಷಿ ಇರಬೇಕು. ಬಾದಾಮಿಯ ಆ ಕಹಿ ಇದರದೇ ಗುಣ. ಲೇಬಲ್ ಮೇಲೆ ‘ಕ್ಲಾಸಿಕೊ’ ಅಂತಿದ್ದರೆ ಅದು ಸೊವಾವೆ ಮತ್ತು ಮೊಂತೆಫೋರ್ತೆ ದಾಲ್ಪೋನೆ ಊರುಗಳ ಹಳೆಯ ಗುಡ್ಡದ ತೋಟಗಳದು. ನಾನು ಅದನ್ನೇ ಕೊಳ್ಳುತ್ತೇನೆ. ಬಯಲಿನ ವೈನ್ ಬಹಳ ಸಲ ತೆಳುವಾಗಿರುತ್ತದೆ, ಬಾಯಲ್ಲಿ ನಿಲ್ಲುವುದಿಲ್ಲ.

ಈಗ ನಾನು ರುಚಿ ನೋಡುವುದು ಹೀಗೆ. ಊಟಕ್ಕೆ ಇಪ್ಪತ್ತು ನಿಮಿಷ ಮುಂಚೆ ಬಾಟಲಿಯನ್ನು ಫ್ರಿಜ್‌ನಿಂದ ಹೊರಗಿಡುತ್ತೇನೆ. 10ರಿಂದ 12 ಡಿಗ್ರಿಗೆ ಬಂದರೆ ಸಾಕು. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿಯುತ್ತೇನೆ, ಘಮ ನಿಲ್ಲುವುದಕ್ಕೆ ಜಾಗ ಬೇಕಲ್ವಾ? ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಮತ್ತೆ ಮೂಸುತ್ತೇನೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆ ಅಂತ ಅರ್ಥ, ಅದು ಎಷ್ಟು ಹೊತ್ತು ಬಿಟ್ಟರೂ ಸರಿಹೋಗುವುದಿಲ್ಲ. ನಂತರ ಒಂದು ಗುಟುಕು. ನುಂಗಿದ ಮೇಲೆ ಆ ಕಹಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಮನಸ್ಸಿನಲ್ಲೇ ಎಣಿಸುತ್ತೇನೆ. ಹತ್ತು ದಾಟಿದರೆ ಒಳ್ಳೆಯ ಅಡುಗೆಯನ್ನೇ ಮಾಡುತ್ತೇನೆ.

ಅಡುಗೆಯ ವಿಷಯಕ್ಕೆ ಬಂದರೆ, ಮೊದಲು ಚಿತ್ರಾನ್ನದ ಜೊತೆ ಕುಡಿದು ನೋಡಿದೆ. ಹೊಂದಲೇ ಇಲ್ಲ. ನಿಂಬೆಯ ಹುಳಿ ವೈನ್‌ನ ಹುಳಿಗಿಂತ ಜಾಸ್ತಿ, ಹಾಗಾಗಿ ವೈನ್ ನೀರಿನಂತೆ ಸಪ್ಪೆ ಅನ್ನಿಸಿತು. ಹಸಿಮೆಣಸಿನಕಾಯಿ ಇನ್ನೊಂದು ತೊಂದರೆ: ವೈನ್‌ನ ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಉರಿಸುತ್ತದೆ. ಹುಳಿ, ಖಾರ ಎರಡೂ ಮುಂದಿರುವ ನಮ್ಮ ಅಡುಗೆಗೆ ಇದು ಸರಿಯಾದ ಜೊತೆಯಲ್ಲ ಅಂತ ಅವತ್ತೇ ಗೊತ್ತಾಯಿತು.

ಏಪ್ರಿಲ್‌ನಲ್ಲಿ ಇಲ್ಲಿನ ಸಂತೆಗೆ ಬಸ್ಸಾನೊ ಊರಿನ ಬಿಳಿ ಆಸ್ಪರಾಗಸ್ ಬರುತ್ತದೆ. ಬೇಯಿಸಿ, ಬೆಂದ ಮೊಟ್ಟೆಯನ್ನು ಕಿವುಚಿ, ಆಲಿವ್ ಎಣ್ಣೆ ಮತ್ತು ಉಪ್ಪು ಹಾಕಿ ತಿನ್ನುತ್ತಾರೆ. ಕೆಂಪು ವೈನ್ ಜೊತೆ ಈ ತರಕಾರಿ ತಿಂದರೆ ಬಾಯಲ್ಲಿ ತಗಡಿನ ರುಚಿ ಬರುತ್ತದೆ. ಸೊವಾವೆ ಜೊತೆ ಹಾಗಿಲ್ಲ. ತರಕಾರಿಯ ಸಣ್ಣ ಕಹಿ, ವೈನ್‌ನ ಸಣ್ಣ ಕಹಿ ಎರಡೂ ಸೇರಿ ಸಿಹಿಯೇ ಮುಂದೆ ಬರುತ್ತದೆ. ಗಾರ್ದಾ ಸರೋವರದ ಮೀನನ್ನು ಬೆಣ್ಣೆಯಲ್ಲಿ ಹುರಿದರೂ ಚೆನ್ನಾಗಿರುತ್ತದೆ.

ಆದರೆ ನನಗೆ ಅತಿ ಇಷ್ಟವಾದದ್ದು ರೀಸಿ ಎ ಬೀಸಿ. ಅಕ್ಕಿ, ಹಸಿ ಬಟಾಣಿ, ಬೆಣ್ಣೆ, ಚೀಸ್ ಹಾಕಿ ಗಂಜಿಗಿಂತ ಸ್ವಲ್ಪ ಗಟ್ಟಿಯಾಗಿ ಮಾಡುವ ವೆನಿಸ್ ಕಡೆಯ ಅಡುಗೆ. ಹಿಂದೆ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬಕ್ಕೆ, ವೆನಿಸ್‌ನ ದೊರೆಗೆ ಇದನ್ನು ಬಡಿಸುತ್ತಿದ್ದರಂತೆ. ಬಟಾಣಿಯ ಸಿಪ್ಪೆಯನ್ನು ಎಸೆಯಬಾರದು, ಬೇಯಿಸಿ ಸೋಸಿದ ಆ ನೀರಿನಲ್ಲೇ ಅಕ್ಕಿ ಬೇಯಬೇಕು. ಒಂದು ಚಮಚ ಅನ್ನ, ಒಂದು ಗುಟುಕು ವೈನ್. ವೈನ್ ಬೆಣ್ಣೆಯ ಜಿಡ್ಡನ್ನು ತೊಳೆಯುತ್ತದೆ, ಬಟಾಣಿಯ ಸಿಹಿ ಉಳಿಯುತ್ತದೆ.

ಇದನ್ನು ತಿನ್ನುವಾಗಲೇ ಖಾರ ಪೊಂಗಲ್ ನೆನಪಾಯಿತು. ಅದೂ ಮೆತ್ತಗೆ, ಹುಳಿಯಿಲ್ಲ, ಮೆಣಸಿನಕಾಯಿ ಬೇಕಿಲ್ಲ. ಮುಂದಿನ ಭಾನುವಾರ ಮಾಡಿದೆ. ಕಾಳುಮೆಣಸನ್ನು ಅರ್ಧಕ್ಕೆ ಇಳಿಸಿದೆ, ತುಪ್ಪ ಧಾರಾಳವಾಗಿ ಹಾಕಿದೆ, ಗೋಡಂಬಿಯನ್ನು ಹೊಂಬಣ್ಣ ಬರುವವರೆಗೆ ಹುರಿದೆ. ಹುರಿದ ಗೋಡಂಬಿ ಅಗಿಯುತ್ತಾ ಸೊವಾವೆ ಕುಡಿದಾಗ ಬಾದಾಮಿಯ ಕಹಿ ಮೆಲ್ಲಗೆ ಕರಗಿಹೋಯಿತು. ಕೆಳಗಿನ ಮನೆಯ ಅಜ್ಜಿಗೂ ಒಂದು ಬಟ್ಟಲು ಕೊಟ್ಟೆ. ಅವರು ಎರಡನೇ ಸಲ ಹಾಕಿಸಿಕೊಂಡರು, ವೈನ್ ಕೂಡ.