ಕ್ಯಾಮೆರಾ ನಿಮ್ಮದು, ಅಕೌಂಟ್ ಯಾರದ್ದು?

ಬೆಂಗಳೂರಿನಲ್ಲಿ ಮನೆ, ಅಂಗಡಿ, ಸಣ್ಣ ಅಪಾರ್ಟ್‌ಮೆಂಟ್‌ಗಳಿಗೆ ಸಿಸಿಟಿವಿ ಹಾಕುವುದು ನನ್ನ ಕೆಲಸ. ಫೋನ್ ಮಾಡುವವರು ಮೊದಲು ಕೇಳುವುದು, "ಎಷ್ಟು ಮೆಗಾಪಿಕ್ಸೆಲ್, ಎಷ್ಟಾಗುತ್ತೆ?" ಅಂತ. ನಾನು ಮೊದಲು ಕೇಳುವುದೇ ಬೇರೆ. "ಮೊಬೈಲ್‌ನಲ್ಲಿ ನೋಡೋ ಅಕೌಂಟ್ ಯಾರ ಹೆಸರಲ್ಲಿ ಇರಬೇಕು?" ಇದನ್ನು ಯಾಕೆ ಕೇಳುತ್ತಿದ್ದೇನೆ ಅಂತ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾರ್ಕೆಟ್ ವಿಷಯ. ನಾನು ಮಾಲು ತರುವುದು ಎಸ್.ಪಿ. ರೋಡ್‌ನಿಂದ. ಕೆಲವು ವರ್ಷಗಳ ಹಿಂದೆ ಅಲ್ಲಿ ಹೆಸರೇ ಇಲ್ಲದ ಡಬ್ಬಿಗಳಲ್ಲಿ ಕ್ಯಾಮೆರಾಗಳು ರಾಶಿ ಬಿದ್ದಿರುತ್ತಿದ್ದವು. ಯಾರು ಮಾಡಿದ್ದು, ಒಳಗೆ ಯಾವ ಸಾಫ್ಟ್‌ವೇರ್ ಇದೆ ಅಂತ ಕೇಳಿದರೆ ಅಂಗಡಿಯವರಿಗೂ ಗೊತ್ತಿರುತ್ತಿರಲಿಲ್ಲ. ಈಗ ಹಾಗಿಲ್ಲ. ಕೇಂದ್ರದ ಐಟಿ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಹೊಸ ನಿಯಮ ತಂದಿತು. ಒಂದು ಸಲ ಮುಂದಕ್ಕೆ ಹೋಗಿ, 2025ರ ಏಪ್ರಿಲ್ 9ರಿಂದ ಅದು ಜಾರಿಗೆ ಬಂತು. ಸೆಕ್ಯೂರಿಟಿ ಪರೀಕ್ಷೆ ಪಾಸಾದ ಮಾಡೆಲ್‌ಗಳನ್ನು ಮಾತ್ರ ಮಾರಬೇಕು. ಆ ಸರ್ಟಿಫಿಕೇಟ್ ಕೊಡುವುದು ಎಸ್‌ಟಿಕ್ಯೂಸಿ ಅನ್ನುವ ಸರ್ಕಾರಿ ಸಂಸ್ಥೆ.

ಆ ಪರೀಕ್ಷೆಯಲ್ಲಿ ಚಿತ್ರ ಎಷ್ಟು ಚೆನ್ನಾಗಿದೆ ಅಂತ ನೋಡುವುದಿಲ್ಲ. ಬೋರ್ಡ್ ಮೇಲಿನ ಡೀಬಗ್ ಪೋರ್ಟ್ (ರಿಪೇರಿ, ಪರೀಕ್ಷೆಗೆ ಅಂತ ಇಡುವ ಒಳದಾರಿ) ಮುಚ್ಚಿದೆಯಾ, ನೆಟ್‌ವರ್ಕ್‌ನಲ್ಲಿ ಹೋಗುವ ಮಾಹಿತಿ ಬೇರೆಯವರು ಓದಲಾಗದ ಹಾಗೆ ಎನ್‌ಕ್ರಿಪ್ಟ್ ಆಗಿದೆಯಾ, ಕಂಪನಿ ಸಹಿ ಮಾಡಿದ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಬಿಟ್ಟು ಬೇರೆ ಏನಾದರೂ ಒಳಗೆ ಹೋಗುತ್ತದೆಯಾ ಅಂತ ನೋಡುತ್ತಾರೆ. ನನಗೆ ಇದು ತುಂಬಾ ಒಳ್ಳೆಯ ಕೆಲಸ ಅನ್ನಿಸುತ್ತದೆ. ಈಗ ನಾನು ಡಬ್ಬಿ ಮೇಲಿನ ಮಾಡೆಲ್ ನಂಬರ್ ನೋಡಿ, ಎಸ್‌ಟಿಕ್ಯೂಸಿ ಪಟ್ಟಿಯಲ್ಲಿ ಅದೇ ನಂಬರ್ ಇದ್ದರೆ ಮಾತ್ರ ತರುತ್ತೇನೆ. "ಅದೇ ಕಂಪನಿದು, ಹಳೇ ಸ್ಟಾಕ್, ಕಮ್ಮಿಗೆ ಕೊಡ್ತೀನಿ" ಅಂದರೂ ಬೇಡ ಅನ್ನುತ್ತೇನೆ. ಸರ್ಟಿಫಿಕೇಟ್ ಸಿಗುವುದು ಮಾಡೆಲ್‌ಗೆ, ಬ್ರ್ಯಾಂಡ್‌ಗೆ ಅಲ್ಲ.

ವೈಫೈ ಕ್ಯಾಮೆರಾ ಸಾಕಾ, ವೈರ್ ಎಳೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬಾಡಿಗೆ ಮನೆ, ಒಂದೇ ಬಾಗಿಲು ನೋಡಬೇಕು ಅಂದರೆ ಮೆಮೊರಿ ಕಾರ್ಡ್ ಹಾಕುವ ವೈಫೈ ಕ್ಯಾಮೆರಾ ಸಾಕು. ಸ್ವಂತ ಮನೆ, ಗೇಟು, ಪಾರ್ಕಿಂಗ್, ಟೆರೇಸ್ ಎಲ್ಲಾ ಸೇರಿದರೆ ಎನ್‌ವಿಆರ್ (ಎಲ್ಲಾ ಕ್ಯಾಮೆರಾಗಳ ರೆಕಾರ್ಡಿಂಗ್ ಇಡುವ ಪೆಟ್ಟಿಗೆ) ಇಟ್ಟು ಕೇಬಲ್ ಎಳೆಯುವುದೇ ಸರಿ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ ಇದ್ದರೆ ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಪಿಕ್ಚರೂ ಬರುತ್ತದೆ. ಆದರೆ ಆ ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಕೇಬಲ್ ಅಗ್ಗ, ನೋಡಲು ಒಂದೇ ಥರ. ದೂರ ಜಾಸ್ತಿಯಾದರೆ ವೋಲ್ಟೇಜ್ ಇಳಿಯುತ್ತದೆ. ರಾತ್ರಿ ಕತ್ತಲಲ್ಲಿ ನೋಡಲು ಇರುವ ಐಆರ್ ಲೈಟ್ ಹತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತದೆ. ಹಾಗಾಗಿ ಬಾಕ್ಸ್ ಬಿಚ್ಚಿ ತುದಿಯ ವೈರ್ ಕೆರೆದು ನೋಡಿಯೇ ತಗೊಳ್ಳುತ್ತೇನೆ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ.

"ಎಷ್ಟು ದಿನ ಬ್ಯಾಕಪ್ ಬರುತ್ತೆ?" ಈ ಪ್ರಶ್ನೆಗೆ ಅಂದಾಜಿನಲ್ಲಿ ಉತ್ತರ ಕೊಡಬಾರದು, ಲೆಕ್ಕ ಹಾಕಿಯೇ ಹೇಳಬೇಕು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ ಸುಮಾರು 86 ಜಿಬಿ. ಅಂದರೆ 1 ಟಿಬಿ ಹಾರ್ಡ್ ಡಿಸ್ಕ್ 11 ದಿನಕ್ಕೆ ತುಂಬಿ, ಹಳೆಯದು ಅಳಿಸಿಹೋಗಲು ಶುರುವಾಗುತ್ತದೆ. ಕರ್ನಾಟಕದಲ್ಲಿ ಜನ ಜಾಸ್ತಿ ಸೇರುವ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪದಂಥ ಜಾಗಗಳಿಗೆ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಅದರ ಪ್ರಕಾರ 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು. ಅಂಥವರಿಗೆ ನಾಲ್ಕು ಕ್ಯಾಮೆರಾಗೆ 4 ಟಿಬಿ ಡಿಸ್ಕ್ ಹಾಕುತ್ತೇನೆ, ಅದೂ 24 ಗಂಟೆ ಬರೆಯುವುದಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್.

ಈಗ ಅಕೌಂಟ್ ವಿಷಯಕ್ಕೆ ಬರುತ್ತೇನೆ.

ಹೊಸ ಎನ್‌ವಿಆರ್ ಅಥವಾ ವೈಫೈ ಕ್ಯಾಮೆರಾ ಯಾವ ಅಕೌಂಟ್‌ಗೆ ಮೊದಲು ಸೇರುತ್ತದೋ, ಅದೇ ಅದರ ಓನರ್. ಉಳಿದವರಿಗೆಲ್ಲಾ ಓನರ್ ಶೇರ್ ಮಾಡಬೇಕು. ಓನರ್ ಬಿಡಿಸದೆ ಇನ್ನೊಬ್ಬರ ಅಕೌಂಟ್‌ಗೆ ಅದು ಸಾಮಾನ್ಯವಾಗಿ ಸೇರುವುದಿಲ್ಲ. ಕೆಲಸ ಬೇಗ ಮುಗಿಯಲಿ ಅಂತ ಕೆಲವು ಹುಡುಗರು ತಮ್ಮ ಮೊಬೈಲ್‌ನಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡಿ, ಮನೆಯವರಿಗೆ ಶೇರ್ ಮಾಡಿ ಹೋಗುತ್ತಾರೆ. ಮನೆಯವರಿಗೆ ಪಿಕ್ಚರ್ ಕಾಣುತ್ತದೆ, ಖುಷಿಯಾಗುತ್ತದೆ. ಆದರೆ ಮನೆಯೊಳಗಿನ ಕ್ಯಾಮೆರಾದ ಓನರ್ ಮನೆಯವರಲ್ಲ.

ರಾಜಾಜಿನಗರದ ಒಂದು ಮನೆಗೆ ಹಾರ್ಡ್ ಡಿಸ್ಕ್ ಬದಲಾಯಿಸಲು ಹೋಗಿದ್ದೆ. ಅಲ್ಲಿ ಇರುವವರು ರಿಟೈರ್ ಆದ ಟೀಚರ್ ಒಬ್ಬರೇ, ಮಗ ವಿದೇಶದಲ್ಲಿ. ಹಾಲ್‌ನಲ್ಲೂ ಒಂದು ಕ್ಯಾಮೆರಾ ಇತ್ತು.

"ಅಮ್ಮಾ, ಈ ಕ್ಯಾಮೆರಾ ಯಾರ್ಯಾರಿಗೆ ಕಾಣುತ್ತೆ?" ಅಂತ ಕೇಳಿದೆ.

"ನನಗೆ, ನನ್ನ ಮಗನಿಗೆ. ಇನ್ಯಾರಿಗೆ ಕಾಣಬೇಕಪ್ಪಾ?"

ಅವರ ಮೊಬೈಲ್‌ನಲ್ಲೇ ಆ್ಯಪ್ ತೆಗೆದು ತೋರಿಸಿದೆ. ಶೇರ್ ಮಾಡಿದವರು ಅನ್ನುವ ಕಡೆ ಒಂದು ಫೋನ್ ನಂಬರ್ ಇತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು. ಅವರದ್ದಲ್ಲ, ಮಗನದ್ದೂ ಅಲ್ಲ. ಮೊದಲು ಕ್ಯಾಮೆರಾ ಹಾಕಿಕೊಟ್ಟ ಹುಡುಗನ ನಂಬರ್ ಅದು. ಅವರು ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಒಂದು ಟವೆಲ್ ತಂದು, "ಇದನ್ನು ಅದರ ಮೇಲೆ ಹಾಕಪ್ಪಾ, ಆಮೇಲೆ ಕೆಲಸ ಮಾಡು" ಅಂದರು.

ಆ ಹುಡುಗ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನು ಒಂದು ಸಲವೂ ತೆರೆದು ನೋಡದೇ ಇರಬಹುದು. ಆದರೆ ಅವನ ಫೋನ್ ಕಳೆದುಹೋದರೆ? ಹಳೇ ನಂಬರ್ ಇನ್ನೊಬ್ಬರ ಕೈ ಸೇರಿದರೆ? ಒಂಟಿಯಾಗಿರುವ ಹೆಂಗಸು ಮಧ್ಯಾಹ್ನ ಎಲ್ಲಿ ಮಲಗುತ್ತಾರೆ, ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾರೆ ಅನ್ನುವುದೆಲ್ಲಾ ಅದರಲ್ಲಿ ಇರುತ್ತದೆ. ಇದನ್ನು ಯೋಚಿಸಿದರೆ ಈಗಲೂ ನನಗೆ ಸಂಕಟವಾಗುತ್ತದೆ.

ಅವತ್ತು ಆ ಹುಡುಗನಿಗೇ ಫೋನ್ ಮಾಡಿ ಬಿಡಿಸಿಕೊಂಡೆವು. ಎನ್‌ವಿಆರ್ ಅನ್ನು ಟಿವಿಗೆ ಹಾಕಿ ರೀಸೆಟ್ ಮಾಡಿದೆ. ಅಮ್ಮ ತಾವೇ ಹೊಸ ಪಾಸ್‌ವರ್ಡ್ ಹೊಡೆದರು, ನಾನು ಆ ಕಡೆ ತಿರುಗಿ ನಿಂತೆ. ಕ್ಯೂಆರ್ ಸ್ಕ್ಯಾನ್ ಆಗಿದ್ದು ಅವರ ಮೊಬೈಲ್‌ನಿಂದ, ಮಗನಿಗೆ ಶೇರ್ ಹೋಗಿದ್ದೂ ಅಲ್ಲಿಂದಲೇ. ಪಾಸ್‌ವರ್ಡನ್ನು ಗ್ಯಾಸ್ ಬುಕ್ ಇಡುವ ಡೈರಿಯಲ್ಲಿ ಬರೆದಿಟ್ಟರು. ಹಾಲ್ ಕ್ಯಾಮೆರಾ ಬಿಚ್ಚಿ, ಹಿಂದಿನ ಬಾಗಿಲ ಕಡೆ ಹಾಕಿಸಿಕೊಂಡರು. ಎಲ್ಲಾ ಮನೆಗಳಲ್ಲೂ ನಾನು ಮಾಡುವುದು ಹೀಗೇ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಹೆಸರಲ್ಲೇ ಒಂದು ಇಮೇಲ್ ಮಾಡಿಸುತ್ತೇನೆ. ಸೆಕ್ರೆಟರಿ ಬದಲಾದ ದಿನ ಪಾಸ್‌ವರ್ಡೂ ಬದಲಾಗಬೇಕು. ಸೆಕ್ಯೂರಿಟಿಯವರಿಗೆ ಲೈವ್ ಮಾತ್ರ ಕಾಣುವ ಬೇರೆ ಯೂಸರ್.

ಪಾಸ್‌ವರ್ಡ್ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳಲು ಇನ್ನೊಂದು ಕಾರಣ ಇದೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಬಂದಿತ್ತು. ಕಂಪನಿ ಇಟ್ಟ ಪಾಸ್‌ವರ್ಡ್ ಬದಲಾಯಿಸದೇ ಇದ್ದ ಕ್ಯಾಮೆರಾ, ಡಿವಿಆರ್‌ಗಳಿಗೆ (ಹಳೇ ಥರದ ರೆಕಾರ್ಡರ್) ಅದು ನುಗ್ಗುತ್ತಿತ್ತು. ಅದಕ್ಕೆ ಬೇಕಾಗಿದ್ದು 60 ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳು ಒಟ್ಟಿಗೆ, ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ (Dyn) ಅನ್ನುವ ಕಂಪನಿಯ ಮೇಲೆ ಬಿದ್ದವು. ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸರಿಯಾಗಿ ಸಿಗಲಿಲ್ಲ. 2021ರಲ್ಲಿ ಹಿಕ್‌ವಿಷನ್‌ನ ಹಲವು ಮಾಡೆಲ್‌ಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗುವ ದೋಷ ಸಿಕ್ಕಿತ್ತು. ಕಂಪನಿ ಹೊಸ ಫರ್ಮ್‌ವೇರ್ ಬಿಟ್ಟಿತು. ಆದರೆ ಅದನ್ನು ಯಾರಾದರೂ ಹಾಕಬೇಕಲ್ವಾ? ಅದಕ್ಕೇ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಇರುವ ಕಡೆ ನಾನು ಹೋದಾಗೆಲ್ಲಾ ಲೆನ್ಸ್ ಒರೆಸುವುದಕ್ಕಿಂತ ಮೊದಲು ಫರ್ಮ್‌ವೇರ್ ನೋಡುತ್ತೇನೆ. ಹೊರಗಿನ ಇಂಟರ್ನೆಟ್‌ಗೆ ತಾನಾಗಿಯೇ ದಾರಿ ತೆರೆಯುವ ಯುಪಿಎನ್‌ಪಿ ರೂಟರ್‌ನಲ್ಲಿ ಆಫ್. ಹೊರಗಿನಿಂದ ನೇರವಾಗಿ ಒಳಗೆ ದಾರಿ ಬಿಡುವ ಹಳೇ ಕಾಲದ ಪೋರ್ಟ್ ಫಾರ್ವರ್ಡಿಂಗ್ ಇದ್ದರೆ ತೆಗೆದುಬಿಡುತ್ತೇನೆ.

ಕ್ಯಾಮೆರಾ ಎಲ್ಲಿಗೆ ತಿರುಗಬೇಕು ಅನ್ನುವುದರಲ್ಲೂ ನಾನು ಹಟ ಮಾಡುತ್ತೇನೆ. ಸೈಟಿಗೆ ಸೈಟು ಅಂಟಿಕೊಂಡಿರುವ ಊರು ಇದು. ನಮ್ಮ ಸಜ್ಜದಿಂದ ಪಕ್ಕದ ಮನೆಯ ಅಡುಗೆಮನೆ ಕಿಟಕಿ ಕೈಗೆ ಸಿಗುವಷ್ಟು ಹತ್ತಿರ. ಅಂಥ ಕಡೆ ಪ್ರೈವಸಿ ಮಾಸ್ಕ್ ಹಾಕಿ ಆ ಕಿಟಕಿಯನ್ನು ಕಪ್ಪು ಮಾಡಿ, ಪಕ್ಕದವರನ್ನು ಕರೆದು ತೋರಿಸುತ್ತೇನೆ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನ ಆಧಾರದ ಮೇಲೆ 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಇನ್ನೊಂದು ಮಾತು ಹೇಳಿತು. ಒಂದೇ ಮನೆಯಲ್ಲಿರುವ ಉಳಿದವರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವ ಹಾಗಿಲ್ಲ ಅಂತ. ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಒಂದೇ ಮೆಟ್ಟಿಲು ಬಳಸುವ ಮನೆಗಳಲ್ಲಿ ನಾನು ಇಬ್ಬರನ್ನೂ ಕೇಳದೆ ಡ್ರಿಲ್ ಹಿಡಿಯುವುದಿಲ್ಲ.

ಮೆಗಾಪಿಕ್ಸೆಲ್‌ಗಿಂತ ಲೆನ್ಸ್ ಮುಖ್ಯ. 2.8 ಎಂಎಂ ಲೆನ್ಸ್‌ನಲ್ಲಿ ಇಡೀ ಪೋರ್ಟಿಕೊ ಕಾಣುತ್ತದೆ. ಆದರೆ 2 ಮೆಗಾಪಿಕ್ಸೆಲ್‌ನಲ್ಲಿ ಮುಖ ಗುರುತು ಸಿಗುವುದು ಮೂರು ಮೀಟರ್ ಆಸುಪಾಸಿನವರೆಗೆ ಮಾತ್ರ. ಗೇಟು ದೂರ ಇದ್ದರೆ ಅಲ್ಲಿಗೇ ದೂರದ್ದನ್ನು ದೊಡ್ಡದಾಗಿ ತೋರಿಸುವ 6 ಎಂಎಂದು ಒಂದು ಹಾಕಿ. ಮಳೆಗಾಲಕ್ಕೆ ಜಾಯಿಂಟ್‌ಗಳೆಲ್ಲಾ ಜಂಕ್ಷನ್ ಬಾಕ್ಸ್ ಒಳಗೇ ಇರಲಿ. ರೂಟರ್‌ಗೂ ಎನ್‌ವಿಆರ್‌ಗೂ ಯುಪಿಎಸ್ ಬೇಕೇ ಬೇಕು.

ಕೊನೆಗೆ ಟೈಮ್. ಚೀನಾದಲ್ಲಿ ತಯಾರಾದ ಎಷ್ಟೋ ಎನ್‌ವಿಆರ್‌ಗಳು ಡಬ್ಬಿಯಿಂದ ಬರುವಾಗಲೇ ಅಲ್ಲಿನ ಟೈಮ್ ಜೋನ್‌ನಲ್ಲಿ ಇರುತ್ತವೆ. ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೈಕ್ ಕಳುವಾಗಿ ಸ್ಟೇಷನ್‌ಗೆ ಫುಟೇಜ್ ಕೊಡುವಾಗ ಇದು ದೊಡ್ಡ ತಲೆನೋವು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಫುಟೇಜ್ ಜೊತೆ ಸರ್ಟಿಫಿಕೇಟ್ ಕೊಡಬೇಕು, ಫೈಲ್‌ನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಸಂಕೇತ ಸಂಖ್ಯೆ) ಕೂಡ ಅದರಲ್ಲಿ ಬರೆಯಬೇಕು. ಮೊಬೈಲ್‌ನಿಂದ ಸ್ಕ್ರೀನ್ ವಿಡಿಯೋ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು. ಎನ್‌ವಿಆರ್‌ನಿಂದ ಪೆನ್‌ಡ್ರೈವ್‌ಗೆ ನೇರವಾಗಿ ತೆಗೆಯಿರಿ. ತೆಗೆಯುವ ಮುಂಚೆ ಎನ್‌ವಿಆರ್ ಸ್ಕ್ರೀನ್ ಪಕ್ಕ ನಿಮ್ಮ ಮೊಬೈಲ್ ಗಡಿಯಾರ ಇಟ್ಟು ಒಂದು ಫೋಟೋ ತಗೊಳ್ಳಿ. ಎರಡರ ಮಧ್ಯೆ ವ್ಯತ್ಯಾಸ ಇದ್ದರೆ ಎಷ್ಟು ಅಂತ ಪೊಲೀಸರಿಗೆ ಬರೆದೇ ಕೊಡಿ.