ಕಾರಿನ ಹೀಟರ್ ಬಿಸಿಯಾಗುತ್ತಿಲ್ಲವೇ? ಮೊದಲು ಕೂಲೆಂಟ್ ನೋಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಕಾರಿನ ಹೀಟರ್ ನೆನಪಾಗುವುದು ವರ್ಷದಲ್ಲಿ ಎರಡೇ ಹಂಗಾಮಿನಲ್ಲಿ: ಮಳೆಗಾಲದಲ್ಲಿ ಮುಂದಿನ ಗಾಜಿನ ಒಳಮೈ ಮಬ್ಬಾದಾಗ, ಮತ್ತು ಡಿಸೆಂಬರ್–ಜನವರಿಯ ಚಳಿಯಲ್ಲಿ ನಸುಕಿಗೇ ಎದ್ದು ಬೆಂಗಳೂರಿಗೆ ಹೆದ್ದಾರಿ 48 ಹಿಡಿದಾಗ. ಉಳಿದ ದಿನವೆಲ್ಲ ಎ.ಸಿ.ಯದೇ ಕಾರುಬಾರು. ಹಾಗಾಗಿ ಹೀಟರ್ ಕೆಟ್ಟರೆ ‘ಇನ್ನೇನು ಬೇಸಿಗೆ ಬಂತಲ್ಲ, ಇರಲಿ ಬಿಡು’ ಎನ್ನುವವರೇ ಹೆಚ್ಚು. ದಯವಿಟ್ಟು ಹಾಗೆ ಬಿಡಬೇಡಿ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹೀಟರ್‌ಗೆ ಶಾಖ ಸಿಗುವುದು ಎಂಜಿನ್‌ನಿಂದಲೇ. ಎಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ನೊಳಗೆ ಹರಿಯುತ್ತದೆ, ಬ್ಲೋವರ್ ಅದರ ಮೂಲಕ ಗಾಳಿ ನೂಕುತ್ತದೆ. ಆ ಪುಟ್ಟ ರೇಡಿಯೇಟರೇ ಹೀಟರ್ ಕೋರ್. ಅದಕ್ಕೆ ಬಿಸಿ ತಲುಪುತ್ತಿಲ್ಲವೆಂದರೆ ಎಷ್ಟೋ ಸಲ ಕೂಲೆಂಟ್ ಕಡಿಮೆಯಾಗಿರುತ್ತದೆ. ಅದೇ ಸ್ಥಿತಿಯಲ್ಲಿ ಕಾರು ಏಪ್ರಿಲ್ ಬಿಸಿಲಿಗೆ ಬಿದ್ದರೆ ಎಂಜಿನ್ ಕಾದು, ಅದರ ಭಾಗಗಳ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟೇ ಹೋದೀತು.

ಗಾಳಿಯೇ ಬರುತ್ತಿಲ್ಲವೇ?

ಹಾಗಿದ್ದರೆ ದೋಷ ಕರೆಂಟಿನ ಕಡೆಯದು. ಬ್ಲೋವರ್ ಫ್ಯೂಸ್ ನೋಡಿ. ಸುಟ್ಟಿದ್ದರೆ ಅದರ ಮೇಲೆ ಬರೆದಷ್ಟೇ ಆಂಪಿಯರ್‌ನದ್ದು ಹಾಕಿ, ಹೆಚ್ಚಿನದು ಬೇಡ. ಹಾಕಿದ್ದೂ ಸುಟ್ಟರೆ ಗ್ಯಾರೇಜಿಗೆ ಒಯ್ಯಿರಿ. ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದರೆ ಸಾಮಾನ್ಯವಾಗಿ ಹೋಗಿರುವುದು ಫ್ಯಾನಿನ ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್. ಗಾಳಿ ಬರೀ ಮಂದವಾಗಿದ್ದರೆ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹುತೇಕ ಕಾರುಗಳಲ್ಲಿ ಅದು ಗ್ಲೌ ಬಾಕ್ಸ್ ಹಿಂದಿರುತ್ತದೆ. ನಮ್ಮ ದೂಳಿಗೆ ಅದು ಕಟ್ಟಿಕೊಳ್ಳದೆ ಇರದು.

ಗಾಳಿ ಇದೆ, ಬಿಸಿ ಇಲ್ಲ

ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಬೆಳಿಗ್ಗೆ ಎತ್ತಿ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಚಿಮ್ಮಿ ಮುಖ, ಕೈ ಸುಡುತ್ತದೆ. ಕೂಲೆಂಟ್ ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ಅದರ ಮಟ್ಟ ಇರಬೇಕು. ಕಡಿಮೆಯಿದ್ದರೆ ತುಂಬಿ, ಆದರೆ ಅದು ಎಲ್ಲಿ ಸೋರಿತು ಎಂಬುದನ್ನೂ ಹುಡುಕಿ.

ಓಡಿಸುವಾಗಲೇ ಕೆಲವು ಸುಳಿವು ಸಿಗುತ್ತವೆ. ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗೆ ಎಂದಾದರೆ ಕೂಲೆಂಟ್ ಕಡಿಮೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಊರೊಳಗೆ ಬೆಚ್ಚಗಿದ್ದು, ಚಿತ್ರದುರ್ಗದ ಗಾಳಿಯಂತ್ರಗಳ ಬಯಲಿನಲ್ಲಿ ವೇಗ ಹಿಡಿದ ಕೂಡಲೇ ತಣ್ಣಗಾಗಿ ಟೆಂಪರೇಚರ್ ಮುಳ್ಳೂ ಇಳಿದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲೆಂಟ್ ದೊಡ್ಡ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಕವಾಟ) ತೆರೆದೇ ಉಳಿದಿದೆ, ಅದನ್ನು ಬದಲಿಸಬೇಕು.

ಇನ್ನು ನಾನು ಅತಿ ಹೆಚ್ಚು ನಂಬುವ ಪರೀಕ್ಷೆ. ಎಂಜಿನ್ ಚೆನ್ನಾಗಿ ಕಾಯುವವರೆಗೆ ಬಯಲಿನಲ್ಲಿ ಓಡಲಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಪ್ರಾಣಕ್ಕೇ ಅಪಾಯ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ. ಎಂಜಿನ್ ಮತ್ತು ಡ್ಯಾಶ್‌ಬೋರ್ಡ್ ನಡುವಿನ ತಗಡಿನ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಹೋಸ್‌ಗಳನ್ನು ಬಟ್ಟೆ ಹಿಡಿದು ಹುಷಾರಾಗಿ ಮುಟ್ಟಿ. ಎರಡೂ ಬಿಸಿಯಿದ್ದರೆ ಕೋರ್ ಸರಿಯಿದೆ. ಬಿಸಿ–ತಂಪು ಬೆರೆಸುವ ಒಳಬಾಗಿಲು ಸಿಕ್ಕಿಕೊಂಡಿದೆ, ಅಥವಾ ನಾಬ್‌ನ ಕೇಬಲ್ ಕಳಚಿದೆ. ಕೇಬಲ್ ಕೊಕ್ಕೆಯನ್ನು ಮತ್ತೆ ಸಿಕ್ಕಿಸುವುದು ಮನೆಯಲ್ಲೇ ಆಗುವ ಕೆಲಸ. ಎರಡೂ ತಣ್ಣಗಿದ್ದರೆ ಮತ್ತೆ ಕೂಲೆಂಟ್, ಥರ್ಮೋಸ್ಟಾಟ್, ಕೂಲೆಂಟ್ ಹರಿಸುವ ವಾಟರ್ ಪಂಪ್ ಕಡೆ ನೋಡಬೇಕು. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ, ಕೋರ್‌ಗೆ ಕೂಲೆಂಟ್ ಬಿಡುವ ಹೀಟರ್ ವಾಲ್ವ್ ಇರುವ ಕಾರಾದರೆ ಅದು ತೆರೆದಿದೆಯೇ ನೋಡಿ; ತೆರೆದಿದ್ದರೆ ಕೋರ್ ಕಟ್ಟಿದೆ.

ಕಟ್ಟುವುದೇಕೆ? ಈ ಭಾಗದಲ್ಲಿ ದೊಡ್ಡ ಕಾರಣ ಬೋರ್ ನೀರು. ರೇಡಿಯೇಟರ್ ಒಣಗಿದಾಗ ದಾರಿಬದಿಯ ಹೋಟೆಲಿನಿಂದ ಒಂದು ಕೊಡ ತಂದು ಸುರಿಯುವ ಅಭ್ಯಾಸ ಎಲ್ಲರಿಗೂ ಇದೆ. ಗಡಸು ನೀರಿನ ಸುಣ್ಣದಂಶ, ನೀರೊಲೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯಂತೆಯೇ ಕೋರ್‌ನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ, ಜತೆಗೆ ತುಕ್ಕೂ ಸೇರುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ತೆಗೆಸಿ ಕೂಲೆಂಟ್ ತುಂಬಿಸಿ.

ಕೋರ್ ತೊಳೆಯುವುದು

ಎಂಜಿನ್ ಪೂರ್ತಿ ತಣಿದಿರಲಿ. ಕೆಳಗೆ ಬೇಸಿನ್ ಇಟ್ಟು ಎರಡೂ ಹೋಸ್‌ಗಳ ಕ್ಲಿಪ್ ಸಡಿಲಿಸಿ. ಹಳೆಯ ಹೋಸ್ ಅಂಟಿಕೊಂಡಿರುತ್ತದೆ. ಎಳೆದಾಡಿದರೆ ಕೋರ್‌ನ ಪೈಪೇ ಮುರಿಯಬಹುದು. ಮೆಲ್ಲಗೆ ಆಚೀಚೆ ತಿರುಚಿ. ಬರದಿದ್ದರೆ ಹೋಸ್ ಸೀಳಿ ತೆಗೆದು ಹೊಸದು ಹಾಕುವುದೇ ಮೇಲು. ಕೂಲೆಂಟ್ ಹೊರಬರುವ ಪೈಪಿಗೆ ಕೈತೋಟದ ಪೈಪು ಹಿಡಿದು, ನಲ್ಲಿ ಸ್ವಲ್ಪವೇ ತಿರುಗಿಸಿ, ಉಲ್ಟಾ ದಿಕ್ಕಿನಲ್ಲಿ ನೀರು ಬಿಡಿ. ಮೊದಲು ಕೆಂಪು ರಾಡಿ ಬರುತ್ತದೆ. ದಿಕ್ಕು ಬದಲಿಸುತ್ತಾ ತಿಳಿನೀರು ಬರುವವರೆಗೆ ತೊಳೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಕೋರ್ ಒಡೆಯುತ್ತದೆ. ಕೊನೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಯಿಸಿ ನಲ್ಲಿ ನೀರನ್ನು ಹೊರಹಾಕಿ.

ಹೋಸ್ ಕೂರಿಸಿ, ನಿಮ್ಮ ಕಾರಿನ ಕೈಪಿಡಿ ಹೇಳುವ ಕೂಲೆಂಟ್ ತುಂಬಿ. ಒಳಗಿನ ಗಾಳಿ ಹೋಗಲು ಕಾರಿನ ಮೂತಿ ಮೇಲಕ್ಕಿರಬೇಕು. ಚಿತ್ರದುರ್ಗದವರು ಏರು ಹುಡುಕಬೇಕಿಲ್ಲ. ದಾವಣಗೆರೆಯ ಸಪಾಟು ಬೀದಿಯವರು ಮುಂದಿನ ಚಕ್ರಗಳನ್ನು ಗೇಟಿನ ಇಳಿಜಾರಿಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಹಚ್ಚಿ. ಮಟ್ಟ ಇಳಿದಂತೆಲ್ಲ ತುಂಬುತ್ತಾ, ಗುಳ್ಳೆ ನಿಂತ ಮೇಲೆ ಮುಚ್ಚಿ, ಮುಖ ದೂರವಿರಲಿ. ತೆಗೆದ ಕೂಲೆಂಟ್ ವಿಷ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು, ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ, ಟ್ಯಾಂಕಿನಲ್ಲಿ ಕೂಲೆಂಟ್ ಇಳಿಕೆ – ಇವು ಕಂಡರೆ ಕೋರ್ ತೂತಾಗಿದೆ. ತೊಳೆದು ಫಲವಿಲ್ಲ, ಬದಲಿಸಬೇಕು. ಅದಕ್ಕೆ ಹಲವು ಮಾಡೆಲ್‌ಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಏರ್‌ಬ್ಯಾಗ್ ವೈರುಗಳೂ ಅಲ್ಲೇ ಇರುತ್ತವೆ. ಅದನ್ನು ಗ್ಯಾರೇಜಿನವರಿಗೇ ಬಿಡಿ. ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ ಕೂಲೆಂಟ್ ಮಟ್ಟ ನೋಡಿಯೇ ಕಾರು ತೆಗೆಯಿರಿ, ದೂರದ ಪ್ರಯಾಣ ಬೇಡ.