ಉಳ್ಳಾಗಡ್ಡಿ ಸಿಪ್ಪೆಯಿಂದ ತೊಗರಿ ಬೇಳೆವರೆಗೆ: ಶಾಲೆಯ ಮೈಕ್ರೋಸ್ಕೋಪಿನಲ್ಲಿ ಜೀವಕೋಶ

ಕಲಬುರಗಿ ಕಡೆಯ ಹೈಸ್ಕೂಲು ಲ್ಯಾಬುಗಳಲ್ಲಿ ಹೆಚ್ಚಾಗಿ ಸಿಗುವುದು ಕನ್ನಡಿ ಇರುವ ಸ್ಟೂಡೆಂಟ್ ಮೈಕ್ರೋಸ್ಕೋಪು. 10 ಮತ್ತು 45 ಪಟ್ಟಿನ ಎರಡು ಆಬ್ಜೆಕ್ಟಿವ್ (ವಸ್ತುವಿನ ಕಡೆಯ ಲೆನ್ಸು), 10 ಪಟ್ಟಿನ ಐಪೀಸು (ಕಣ್ಣಿಡುವ ಲೆನ್ಸು). ಕರೆಂಟ್ ಹೋದರೂ ಕಿಟಕಿಯ ಬೆಳಕಿಗೆ ನಡೆಯುತ್ತದೆ. ಕೋಶಭಿತ್ತಿ ಅಂದರೆ ಕೋಶದ ಗೋಡೆ, ಕೋಶಕೇಂದ್ರ, ರಸ ತುಂಬಿದ ಚೀಲವಾದ ರಸದಾನಿ, ಹಸಿರು ಕಣಗಳಾದ ಕ್ಲೋರೋಪ್ಲಾಸ್ಟು, ಪಿಷ್ಟದ ಕಣ, ಇಷ್ಟನ್ನು ಇದರಲ್ಲಿ ಚೆನ್ನಾಗಿ ತೋರಿಸಬಹುದು. ಒಂದಕ್ಕೊಂದು 0.2 ಮೈಕ್ರೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಬೇರೆ ಮಾಡಿ ತೋರಿಸಲಾರದು. ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ಅಗಲ 0.025 ಮೈಕ್ರೋಮೀಟರಿನ ಆಸುಪಾಸು. ಅದನ್ನು ಹುಡುಕುತ್ತ ಕೂರುವುದು ವ್ಯರ್ಥ.

ಮೊದಲು ಅಳತೆ. ಪಾರದರ್ಶಕ ಸ್ಕೇಲನ್ನು 10 ಪಟ್ಟಿನ ಕೆಳಗಿಟ್ಟು, ಕಾಣುವ ವೃತ್ತದ ಅಡ್ಡಗಲ ನೋಡಿಕೊಳ್ಳಬೇಕು. ಸುಮಾರು 1.8 ಮಿಲಿಮೀಟರ್ ಬಂದರೆ, 45 ಪಟ್ಟಿನಲ್ಲಿ ಅದು 0.4 ಮಿಲಿಮೀಟರ್. 10 ಪಟ್ಟಿನ ವೃತ್ತದಲ್ಲಿ ಉಳ್ಳಾಗಡ್ಡಿಯ ಕೋಶಗಳು ಉದ್ದಕ್ಕೆ ಆರು ಕೂತರೆ ಒಂದೊಂದು 0.3 ಮಿಲಿಮೀಟರ್. ಇಷ್ಟು ಗೊತ್ತಿಲ್ಲದೆ ಬರೆಸಿದ ಚಿತ್ರಗಳಲ್ಲಿ ಕೋಶಕೇಂದ್ರ ಅರ್ಧ ಕೋಶದಷ್ಟು ದೊಡ್ಡದಾಗಿರುತ್ತದೆ.

ಕೋಶಕೇಂದ್ರಕ್ಕೆ ಉಳ್ಳಾಗಡ್ಡಿಯ ಒಳಪೊರೆ ಬೇಕು. ಗಡ್ಡೆಯನ್ನು ನಾಲ್ಕು ಹೋಳು ಮಾಡಿ, ಮೂರನೆಯ ಅಥವಾ ನಾಲ್ಕನೆಯ ದಪ್ಪ ಪದರ ತೆಗೆದು, ಅದರ ತಗ್ಗಿರುವ ಮೈಮೇಲೆ ಬ್ಲೇಡಿನಿಂದ 5 ಮಿಲಿಮೀಟರಿನ ಚೌಕ ಗೀರಿ ಚಿಮಟದಿಂದ ಎತ್ತುತ್ತೇನೆ. ಎತ್ತಿದ್ದು ನೇರ ನೀರಿನ ಹನಿಗೆ ಹೋಗಬೇಕು, ಫ್ಯಾನು ಬಂದ್ ಇರಬೇಕು. ಮಾರ್ಚಿನ ಹೊತ್ತಿಗೆ ನಮ್ಮ ಗಾಳಿಗೆ ಸಿಪ್ಪೆ ನೋಡನೋಡುತ್ತಲೇ ಸುರುಳಿಯಾಗುತ್ತದೆ. ಹನಿಗೆ ಬೋರ್ ನೀರು ಬೇಡ. ಒಣಗುವಾಗ ಅಂಚಿನಲ್ಲಿ ಬಿಳಿ ಹರಳು ಕಟ್ಟಿ ಮಕ್ಕಳು ಅದನ್ನೂ ಬರೆಯುತ್ತಾರೆ. ಕ್ಯಾನಿನ ಫಿಲ್ಟರ್ ನೀರು ಸಾಕು.

ಅಯೋಡಿನ್ ದ್ರಾವಣಕ್ಕೆ 2 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಮೊದಲು ಸ್ವಲ್ಪ ನೀರಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಕಲಸಿ, ಆಮೇಲೆ 300 ಮಿಲಿಲೀಟರಿಗೆ ತುಂಬಿಸಬೇಕು. ಕ್ರಮ ತಪ್ಪಿದರೆ ಅಯೋಡಿನ್ ಕರಗದೆ ತಳದಲ್ಲಿ ಕೂರುತ್ತದೆ. ಒಂದು ಹನಿ ಹಾಕಿದರೆ ಕೋಶಕೇಂದ್ರ ಹಳದಿ ಮಿಶ್ರಿತ ಕಂದಾಗಿ ಏಳುತ್ತದೆ. ಪಿಷ್ಟ ಇದ್ದರೆ ಕಾಣುವ ನೀಲಿ ಇಲ್ಲಿ ಎಲ್ಲೂ ಬರುವುದಿಲ್ಲ, ಉಳ್ಳಾಗಡ್ಡಿ ಪಿಷ್ಟ ಕೂಡಿಡುವ ಗಡ್ಡೆಯಲ್ಲ. ಕೋಶಕೇಂದ್ರ ಬಹಳಷ್ಟು ಕೋಶಗಳಲ್ಲಿ ಗೋಡೆಗೆ ಅಂಟಿಕೊಂಡಿರುವುದು ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದಿರುವುದರಿಂದ. ದಪ್ಪ ಕಪ್ಪಂಚಿನ ದುಂಡಗಿನದು ಗಾಳಿಗುಳ್ಳೆ, ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸದಿದ್ದರೆ ಬರುವಂಥದ್ದು.

ರಸದಾನಿ ತೋರಿಸಲು ಕೆಂಪು ಉಳ್ಳಾಗಡ್ಡಿ. ಈ ಸಲ ಉಬ್ಬಿದ ಮೈಯ ಬಣ್ಣದ ಪೊರೆ ಬೇಕು. ಆ ಬಣ್ಣ ಇರುವುದೇ ರಸದಾನಿಯೊಳಗೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಹನಿ ಹಾಕಿ, ಎದುರಿನ ಅಂಚಿನಿಂದ ಬ್ಲಾಟಿಂಗ್ ಪೇಪರಿನಿಂದ ಹೀರಿಸಿ. ನಿಮಿಷಗಳಲ್ಲಿ ಕೆಂಪು ಬಣ್ಣ ಗೋಡೆ ಬಿಟ್ಟು ಒಳಗೆ ಮುದುಡುತ್ತದೆ. ಕೋಶಪೊರೆ ಎಲ್ಲಿದೆ ಎಂಬುದು ಆಗಲೇ ಕಣ್ಣಿಗೆ ಬೀಳುವುದು. ತಡಮಾಡದೆ ಫಿಲ್ಟರ್ ನೀರು ಹಾಯಿಸಿದರೆ ಮತ್ತೆ ಹಿಗ್ಗುತ್ತದೆ. ಬಣ್ಣ ಸೋರಿ ಹರಡಿದರೆ ಪೊರೆ ಸತ್ತಿದೆ ಎಂದರ್ಥ, ಹೊಸ ತುಂಡು ತೆಗೆದುಕೊಳ್ಳಿ.

ಕ್ಲೋರೋಪ್ಲಾಸ್ಟಿಗೆ ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ನೀರುಗಿಡ ಹೈಡ್ರಿಲ್ಲಾ. ಎಲೆಗೆ ಎರಡೇ ಪದರ ಕೋಶ, ಕತ್ತರಿಸುವ ಗೋಜಿಲ್ಲ. ತುದಿಯ ಎಳೆ ಎಲೆಯನ್ನು ಬೆಳಕಿನಲ್ಲಿ ಸ್ವಲ್ಪ ಹೊತ್ತಿಟ್ಟು ನಡುನರದ ಪಕ್ಕ ನೋಡಿದರೆ ಹಸಿರು ಕಣಗಳು ಗೋಡೆಗುಂಟ ಸಾಲಾಗಿ ಸುತ್ತುತ್ತಿರುತ್ತವೆ.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕೆನ್ನೆಯ ಒಳಗಿನಿಂದ ಕೆರೆದ ಕೋಶಕ್ಕೆ ಮೆಥಿಲೀನ್ ಬ್ಲೂ ಬಣ್ಣ ಹಾಕಿದಾಗ ಮೇಲೆಲ್ಲ ನೀಲಿ ಚುಕ್ಕೆ ಕಾಣುತ್ತವಲ್ಲ, ರೆಕಾರ್ಡಿನಲ್ಲಿ ಅವಕ್ಕೆ ಮೈಟೊಕಾಂಡ್ರಿಯಾ ಎಂದು ಬಾಣ ಎಳೆದಿರುತ್ತಾರೆ. ಅವು ಬಾಯಿಯ ಬ್ಯಾಕ್ಟೀರಿಯಾ. ಕೋಶದ ಹೊರಗೆ ಖಾಲಿ ಜಾಗದಲ್ಲೂ ಅವೇ ಚುಕ್ಕೆ ಇರುವುದನ್ನು ತೋರಿಸಿದರೆ ವಾದ ಮುಗಿಯುತ್ತದೆ. ಮೈಟೊಕಾಂಡ್ರಿಯಾಕ್ಕೆ ಜೇನಸ್ ಗ್ರೀನ್ ಬಿ ಬಣ್ಣ, 100 ಪಟ್ಟಿನ ಎಣ್ಣೆ ಲೆನ್ಸು, ಜೀವಂತ ಕೋಶ ಮೂರೂ ಬೇಕು. ಅದು ಕಾಲೇಜಿನ ಕೆಲಸ.

ಇನ್ನು ತೊಗರಿ. ಈ ಭಾಗದಲ್ಲಿ ಕೋಶಭಿತ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಸುಣ್ಣದಕಲ್ಲಿನ ನೆಲದ ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಪ್ರತಿ ಮನೆಗೂ ಗೊತ್ತು, ಕಾರಣ ಸ್ಲೈಡಿನ ಮೇಲೆ ಕಾಣುತ್ತದೆ. ಅಕ್ಕಪಕ್ಕದ ಕೋಶಗಳನ್ನು ಅಂಟಿಸುವುದು ಗೋಡೆಗಳ ನಡುವಿನ ಪೆಕ್ಟಿನ್ ಪದರ. ಬೇಯುವಾಗ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕರಗಗೊಡುವುದಿಲ್ಲ.

ಮೂರು ಪಾತ್ರೆಗೆ ತಲಾ 20 ಗ್ರಾಂ ಬೇಳೆ, 200 ಮಿಲಿಲೀಟರ್ ಫಿಲ್ಟರ್ ನೀರು. ಒಂದಕ್ಕೆ ಏನೂ ಬೇಡ. ಎರಡನೆಯದಕ್ಕೆ ಅರ್ಧ ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಮೂರನೆಯದಕ್ಕೆ 1 ಗ್ರಾಂ ಅಡುಗೆ ಸೋಡಾ. ಬೋರ್ ನೀರಿನ ಗಡಸುತನ ಊರಿಂದೂರಿಗೆ ಬೇರೆಯಾದ್ದರಿಂದ ಹೋಲಿಕೆಗೆ ಕ್ಯಾಲ್ಸಿಯಂ ತೂಗಿ ಹಾಕುವುದೇ ವಾಸಿ. ಕುಕ್ಕರ್ ಬೇಡ, ಒತ್ತಡಕ್ಕೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ತೆರೆದ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ, ಮೊದಲನೆಯದು ಬೆರಳಿಗೆ ಹಿಸುಕಿದರೆ ಮೆತ್ತಗಾಗುವವರೆಗೆ ಕುದಿಸಿ ಮೂರನ್ನೂ ಒಟ್ಟಿಗೆ ಇಳಿಸಬೇಕು. ಸಾಸಿವೆ ಕಾಳಿನಷ್ಟು ತೆಗೆದು ನೀರಿನಲ್ಲಿ ಹರಡಿ, ಐದು ಪಟ್ಟು ತೆಳುವಾಗಿಸಿದ ಅಯೋಡಿನ್ ಹಾಕಿ. ತೆಳುವಾಗಿಸದಿದ್ದರೆ ಎಲ್ಲ ಕಪ್ಪು ಮುದ್ದೆ.

ಮೊದಲನೆಯದರಲ್ಲಿ ಒಂದೊಂದೇ ಕೋಶ, ದುಂಡಗೆ, ಗೋಡೆ ಹರಿಯದೆ, ಒಳಗೆ ಉಬ್ಬಿದ ನೀಲಿ ಪಿಷ್ಟ ತುಂಬಿಕೊಂಡು ತೇಲುತ್ತಿರುತ್ತದೆ. ಕ್ಯಾಲ್ಸಿಯಂ ಹಾಕಿದ್ದರಲ್ಲಿ ಕೋಶಗಳು ಜೇನುಹುಟ್ಟಿನ ತುಂಡಿನಂತೆ ಗುಂಪಾಗಿಯೇ ಬರುತ್ತವೆ, ಒತ್ತಿದರೂ ಬಿಡುವುದಿಲ್ಲ. ಸೋಡಾದ್ದರಲ್ಲಿ ಕೆಲವು ಗೋಡೆಗಳು ಒಡೆದು ಪಿಷ್ಟ ಹೊರಗೆ ಚೆಲ್ಲಿರುತ್ತದೆ. ಸೋಡಾ ಹಾಕಿದ ಬೇಳೆ ಲೋಳೆಯಾಗುವುದು ಇದರಿಂದ. ಬೇಯಿಸದ ನೆನೆದ ತೊಗರಿಯನ್ನೂ ಕೆರೆದು ಪಕ್ಕದ ಸ್ಲೈಡಿನಲ್ಲಿಡಿ. ಅದರ ಪಿಷ್ಟದ ಕಣಗಳು ಇನ್ನೂ ಚಿಕ್ಕವು, ಅಂಚು ಸ್ಪಷ್ಟ. ಅಯೋಡಿನ್ ಬಣ್ಣ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಚಿತ್ರವನ್ನು ಅದೇ ಪಿರಿಯಡ್ಡಿನಲ್ಲಿ ಬರೆಸಿಬಿಡಿ.